ವಿಸ್ತರಿತ ವಾರಂಟಿ: ಗದಗ–ಹುಬ್ಬಳ್ಳಿ ದಾರಿಯಲ್ಲಿ ಓಡಿದ ಕಾರಿನ ಲೆಕ್ಕ

ಕಾರಿಗೆ ವಿಸ್ತರಿತ ವಾರಂಟಿ ಮಾಡಿಸಬೇಕೇ ಎಂದು ಶೋರೂಮಿನಲ್ಲಿ ಕೇಳಿದರೆ ಅವಶ್ಯ ಮಾಡಿಸಿ ಎನ್ನುತ್ತಾರೆ, ಓಣಿಯ ಗ್ಯಾರೇಜಿನಲ್ಲಿ ಕೇಳಿದರೆ ದುಡ್ಡು ದಂಡ ಎನ್ನುತ್ತಾರೆ. ಒಬ್ಬರಿಗೆ ಅದನ್ನು ಮಾರಬೇಕಿದೆ, ಇನ್ನೊಬ್ಬರಿಗೆ ಅದರಿಂದ ಗಿರಾಕಿ ತಪ್ಪುತ್ತದೆ. ಹಾಗಾಗಿ ಎರಡೂ ಮಾತುಗಳನ್ನು ಬದಿಗಿಟ್ಟು ನಾವೇ ಲೆಕ್ಕ ಹಾಕುವುದು ಒಳ್ಳೆಯದು. 2021ರಲ್ಲಿ ಕೊಂಡ ನನ್ನ ಕಾರಿಗೆ ಮೂರು ವರ್ಷ ಅಥವಾ 1,00,000 ಕಿಲೋಮೀಟರಿನ ಮೂಲ ವಾರಂಟಿ ಇತ್ತು. ಇನ್ನೆರಡು ವರ್ಷ ಅಥವಾ ಒಟ್ಟು 1,40,000 ಕಿಲೋಮೀಟರಿನವರೆಗಿನ ವಿಸ್ತರಣೆಯನ್ನು, ಶೇ. 18ರ ಜಿಎಸ್‌ಟಿ ಸೇರಿ, ಇಪ್ಪತ್ತು ಸಾವಿರ ರೂಪಾಯಿಗಿಂತ ತುಸು ಹೆಚ್ಚು ಕೊಟ್ಟು ಪಡೆದಿದ್ದೆ. ಆ ಅವಧಿ ಈಗ ಮುಗಿದಿರುವುದರಿಂದ, ಕೊಟ್ಟದ್ದೆಷ್ಟು ಬಂದದ್ದೆಷ್ಟು ಎಂಬುದನ್ನು ಊಹೆಯಿಲ್ಲದೆ ಹೇಳಬಹುದಾಗಿದೆ.

ನನ್ನ ಮನೆ ಗದಗಿನಲ್ಲಿ, ಕೆಲಸ ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ. ಅಣ್ಣಿಗೇರಿಯ ಮೇಲೆ ಹಾದು ಹೋಗುವ ಈ ದಾರಿ ಒಂದು ಕಡೆಗೆ ಅರವತ್ತು ಕಿಲೋಮೀಟರಿನ ಆಸುಪಾಸು ಇದೆ. ನಡುನಡುವೆ ರೈಲು ಹಿಡಿಯುವ ದಿನಗಳನ್ನು ಕಳೆದರೂ ಕಾರು ವರ್ಷಕ್ಕೆ ಸುಮಾರು ಮೂವತ್ತೈದು ಸಾವಿರ ಕಿಲೋಮೀಟರು ಓಡುತ್ತದೆ. ಈ ಒಂದು ಅಂಕಿಯೇ ನನ್ನ ಮಟ್ಟಿಗೆ ವಾರಂಟಿಯ ಬೆಲೆಯನ್ನು ನಿರ್ಧರಿಸಿತು. ಜಾಹೀರಾತಿನಲ್ಲಿ ವರ್ಷಗಳು ದಪ್ಪಕ್ಷರದಲ್ಲಿರುತ್ತವೆ. ವರ್ಷ, ಕಿಲೋಮೀಟರು ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ಅಲ್ಲಿಗೆ ವಾರಂಟಿ ಮುಗಿಯಿತು ಎಂಬ ಮಾತು ಕೆಳಗೆಲ್ಲೋ ಸಣ್ಣಕ್ಷರದಲ್ಲಿರುತ್ತದೆ. ನನ್ನ ಓಡಾಟಕ್ಕೆ ಮೂರು ವರ್ಷ ತುಂಬುವ ಮೊದಲೇ ಲಕ್ಷ ಕಿಲೋಮೀಟರು ಮುಗಿಯುತ್ತದೆ, ನಾಲ್ಕು ವರ್ಷಕ್ಕೆ ಒಂದು ಲಕ್ಷದ ನಲವತ್ತು ಸಾವಿರವೂ ದಾಟುತ್ತದೆ. ಅಂದರೆ ಎರಡು ವರ್ಷದ ಹಣ ಕೊಟ್ಟು ನಾನು ಪಡೆದದ್ದು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಕಾವಲು.

ಇದು ಕೊಳ್ಳುವಾಗಲೇ ಗೊತ್ತಿತ್ತು. ಆದರೂ ಕೊಂಡದ್ದಕ್ಕೆ ಕಾರಣವಿದೆ. ಗೇರ್‌ಬಾಕ್ಸು, ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳಿ ಬಲ ಕೊಡುವ ಭಾಗ), ಇಂಧನದ ಪಂಪು, ಸ್ಟೇರಿಂಗ್ ಇವುಗಳ ಸವೆತ ಕ್ಯಾಲೆಂಡರಿಗಿಂತ ಓಡಿದ ದೂರವನ್ನು ಹೆಚ್ಚು ಅನುಸರಿಸುತ್ತದೆ. ಒಂದು ಲಕ್ಷ ದಾಟಿದ ಮೇಲಿನ ನಲವತ್ತು ಸಾವಿರ ಕಿಲೋಮೀಟರುಗಳನ್ನು ನಾನು ಎಷ್ಟು ಬೇಗ ಓಡಿಸಿದರೂ ಅವು ಅಪಾಯದ ಕಿಲೋಮೀಟರುಗಳೇ. ವರ್ಷಕ್ಕೆ ಐದಾರು ಸಾವಿರವಷ್ಟೇ ಓಡಿಸುವವರ ಸ್ಥಿತಿ ಇದರ ತಿರುಗುಮುರುಗು. ಅವರಿಗೆ ವರ್ಷಗಳೆಲ್ಲ ಪೂರ್ತಿ ದಕ್ಕುತ್ತವೆ, ಆದರೆ ಆ ವರ್ಷಗಳಲ್ಲಿ ದೊಡ್ಡ ಭಾಗ ಕೆಡುವಷ್ಟು ಕಾರು ಓಡಿಯೇ ಇರುವುದಿಲ್ಲ. ಹೆಚ್ಚು ಲಾಭವಾಗುವುದು ನಡುವಿನವರಿಗೆ ಎಂದು ನನ್ನ ಅಂದಾಜು: ಮಿತಿಗಳೆರಡೂ ಹೆಚ್ಚುಕಡಿಮೆ ಒಟ್ಟಿಗೆ ಮುಗಿಯುವಂತೆ, ವರ್ಷಕ್ಕೆ ಇಪ್ಪತ್ತೈದು ಸಾವಿರದಷ್ಟು ಓಡಿಸುವವರಿಗೆ. ಕಂಪನಿಗಳ ಮಿತಿಗಳೂ ಒಂದೇ ತೆರನಾಗಿಲ್ಲ. ಮಾರುತಿ ಸುಜುಕಿ ಜುಲೈ 2024ರಲ್ಲಿ ತನ್ನ ಮೂಲ ವಾರಂಟಿಯನ್ನು ಎರಡು ವರ್ಷ ಅಥವಾ 40,000 ಕಿಲೋಮೀಟರಿನಿಂದ ಮೂರು ವರ್ಷ ಅಥವಾ 1,00,000 ಕಿಲೋಮೀಟರಿಗೆ ಏರಿಸಿತು. ವಿಸ್ತರಣೆಯನ್ನು ಆರು ವರ್ಷ ಅಥವಾ 1,60,000 ಕಿಲೋಮೀಟರಿನವರೆಗೆ ಒಯ್ಯಬಹುದಾಗಿದೆ. ಲೆಕ್ಕ ಹಾಕಿದರೆ, ಸೇರಿಸುವ ಪ್ರತಿ ವರ್ಷಕ್ಕೆ ಸಿಗುವುದು 20,000 ಕಿಲೋಮೀಟರು. ಹೋಂಡಾ ಸಿಟಿಯಂಥ ಕಾರಿನ ಮೂಲ ವಾರಂಟಿಗೆ ಮೂರು ವರ್ಷವೆಂಬ ಮಿತಿ ಮಾತ್ರವಿದೆ, ಕಿಲೋಮೀಟರಿಗೆ ಮಿತಿಯಿಲ್ಲ. ದಿನಾ ಊರಿಂದೂರಿಗೆ ಓಡಾಡುವವರು ಕಾರನ್ನು ಆರಿಸುವಾಗಲೇ ಇದನ್ನು ನೋಡಿಕೊಂಡರೆ ವಿಸ್ತರಣೆಯ ಪ್ರಶ್ನೆ ಅರ್ಧ ಬಗೆಹರಿದಂತೆ.

ಎರಡನೆಯ ಲೆಕ್ಕವನ್ನು ಹೆಚ್ಚಿನವರು ಹಾಕುವುದೇ ಇಲ್ಲ. ವಾರಂಟಿ ಜೀವಂತವಾಗಿರಬೇಕಾದರೆ ನಿಗದಿತ ಸರ್ವಿಸುಗಳೆಲ್ಲ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲೇ, ಹೇಳಿದ ಕಿಲೋಮೀಟರಿನ ಒಳಗೇ ಆಗಬೇಕು. ನನ್ನ ಕಾರಿಗೆ ಹತ್ತು ಸಾವಿರ ಕಿಲೋಮೀಟರಿಗೊಂದು ಸರ್ವಿಸ್. ನನ್ನ ಓಡಾಟಕ್ಕೆ ಅದು ವರ್ಷಕ್ಕೆ ಮೂರೋ ನಾಲ್ಕೋ ಆಗುತ್ತದೆ. ಗದಗಿನಲ್ಲಿ ನನಗೆ ಗೊತ್ತಿರುವ ಮೆಕ್ಯಾನಿಕ್ಕರು ಅದೇ ದರ್ಜೆಯ ಆಯಿಲ್, ಫಿಲ್ಟರ್ ಹಾಕಿ ಮಾಡಿಕೊಡುವ ಕೆಲಸಕ್ಕೂ ಗೋಕುಲ ರಸ್ತೆಯ ಸರ್ವಿಸ್ ಸೆಂಟರಿನ ಬಿಲ್ಲಿಗೂ ಪ್ರತಿ ಸಲ ಎರಡು ಮೂರು ಸಾವಿರದ ಅಂತರವಿರುತ್ತದೆ. ವಿಸ್ತರಣೆಯ ಕಾಲಕ್ಕೆಲ್ಲ ಇದನ್ನು ಕೂಡಿಸಿದರೆ, ಇಪ್ಪತ್ತು ಸಾವಿರದ ವಾರಂಟಿ ನಿಜದಲ್ಲಿ ಮೂವತ್ತು ಸಾವಿರದ ಗಡಿ ಮುಟ್ಟುತ್ತದೆ. ಅಧಿಕೃತ ಸೆಂಟರಿನಲ್ಲೇ ಸರ್ವಿಸ್ ಮಾಡಿಸುವ ರೂಢಿಯಿದ್ದವರಿಗೆ ಈ ಹೊರೆ ಇಲ್ಲ. ಮೂಲ ವಾರಂಟಿ ಮುಗಿದ ಮರುದಿನವೇ ಹೊರಗಿನ ಗ್ಯಾರೇಜಿಗೆ ಹೋಗಬೇಕೆಂದಿರುವವರು ಮಾತ್ರ ವಿಸ್ತರಣೆಯನ್ನು ಕೊಂಡು ಉಪಯೋಗವಿಲ್ಲ. ಒಂದು ಸರ್ವಿಸ್ ತಪ್ಪಿದರೂ ಕ್ಲೇಮಿನ ಹೊತ್ತಿಗೆ ಅದನ್ನೇ ಮುಂದೆ ಮಾಡುತ್ತಾರೆ.

ಇನ್ನು ಕ್ಲೇಮಿನ ವಿಷಯ. ಸಲೀಸಾಗಿ ಒಪ್ಪಿಗೆಯಾದದ್ದು ಎಸಿ ಕಂಪ್ರೆಸರಿನದು. ಬೇಸಿಗೆಯಲ್ಲಿ ನಮ್ಮ ಕಡೆಯ ಎರೆ ಹೊಲಗಳ ನಡುವೆ ಕಾರು ಓಡಿಸಿದವರಿಗೆ, ಎಸಿ ಇಲ್ಲದೆ ಗಾಜು ಇಳಿಸಿಕೊಂಡರೆ ಬಿಸಿಗಾಳಿಯ ಜೊತೆ ಎಷ್ಟು ಧೂಳು ಒಳಗೆ ಬರುತ್ತದೆಂದು ಹೇಳಬೇಕಾಗಿಲ್ಲ. ಒಂದು ಲಕ್ಷ ಕಿಲೋಮೀಟರು ದಾಟಿದ ಮೇಲೆ ಕಂಪ್ರೆಸರ್ ಸದ್ದು ಮಾಡತೊಡಗಿ, ಕೊನೆಗೆ ತಂಪು ಮಾಡುವುದನ್ನೇ ನಿಲ್ಲಿಸಿತು. ಪರೀಕ್ಷೆ ಮಾಡಿ, ಫೋಟೊ ಕಳಿಸಿ, ಕಂಪನಿಯಿಂದ ಒಪ್ಪಿಗೆ ಪಡೆದು ಹೊಸ ಭಾಗ ತರಿಸಿ ಹಾಕುವಷ್ಟರಲ್ಲಿ ಒಂದು ವಾರಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಬದಲಿ ಕಾರು ಕೊಡುವ ಮಾತು ಈ ವಾರಂಟಿಯಲ್ಲಿಲ್ಲ. ಅಷ್ಟು ದಿನ ರೈಲೇ ಗತಿಯಾಯಿತು. ಕಂಪ್ರೆಸರು, ಕೂಲಿ ಸೇರಿ ಮೂವತ್ತು ಸಾವಿರದ ಸಮೀಪ ಆಗಬಹುದಾಗಿದ್ದ ಬಿಲ್ಲಿನಲ್ಲಿ ನಾನು ಕೊಟ್ಟದ್ದು ಎಸಿ ಗ್ಯಾಸಿನ ಹಣವನ್ನಷ್ಟೇ.

ನಿರಾಕರಣೆಯಾದದ್ದು ವೈರಿಂಗಿನ ಕ್ಲೇಮು. ಕಾಳಿನ ಚೀಲಗಳಿರುವ ಗೋದಾಮಿನ ಪಕ್ಕ ಕಾರು ನಿಲ್ಲಿಸುವವರಿಗೆ ಇಲಿಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಇಂಜಿನ್ನಿನ ಬಳಿಯ ತಂತಿಗಳನ್ನು ಇಲಿ ಕಡಿದದ್ದರಿಂದ ಎಚ್ಚರಿಕೆಯ ದೀಪಗಳು ಹತ್ತಿಕೊಂಡಿದ್ದವು. ವಾರಂಟಿ ಎಂದರೆ ತಯಾರಿಕೆಯ ದೋಷಕ್ಕೆ ಕೊಟ್ಟ ಭರವಸೆ, ಹೊರಗಿನಿಂದಾದ ಹಾನಿಗೆ ಅಲ್ಲ ಎಂದರು; ಷರತ್ತನ್ನು ಓದಿದರೆ ಅವರ ಮಾತು ಸರಿಯಾಗಿಯೇ ಇದೆ. ಇಲಿ, ಅಪಘಾತ, ಮಳೆಗಾಲದಲ್ಲಿ ಇಂಜಿನ್ನಿಗೆ ನುಗ್ಗುವ ನೀರು ಇವೆಲ್ಲ ವಿಮೆಯ ಕಡೆಗೆ ಹೋಗುವ ವಿಷಯಗಳು, ಅಲ್ಲಿಯೂ ಪಾಲಿಸಿಯ ಷರತ್ತಿಗೆ ಒಳಪಟ್ಟು. ಹೊರಗಿನ ಅಂಗಡಿಯಲ್ಲಿ ತಂತಿ ಕತ್ತರಿಸಿ ದೊಡ್ಡ ಹಾರ್ನು, ಹೆಚ್ಚುವರಿ ದೀಪ ಹಾಕಿಸಿದರೆ ಅಥವಾ ಸಿಎನ್‌ಜಿ ಕಿಟ್ ಕೂಡಿಸಿದರೆ, ಅದಕ್ಕೆ ಸಂಬಂಧಿಸಿದ ಭಾಗಗಳ ಕ್ಲೇಮನ್ನು ಮರೆತುಬಿಡುವುದೇ ಸರಿ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ವೈಪರು, ಟೈರು, ಬಲ್ಬು, ರಬ್ಬರ್ ಬುಷ್ಷುಗಳು ಹೇಗೂ ಸವೆಯುವ ವಸ್ತುಗಳಾದ್ದರಿಂದ ಪಟ್ಟಿಯಲ್ಲಿಲ್ಲ. ಹಾಳು ರಸ್ತೆಯಲ್ಲಿ ನಮ್ಮ ಕಾರುಗಳು ಮೊದಲು ಕಳೆದುಕೊಳ್ಳುವುದು ಇವನ್ನೇ ಎಂಬುದು ಬೇರೆ ಮಾತು.

ಹೀಗಾಗಿ ವಿಸ್ತರಣೆ ಬೇಕೋ ಬೇಡವೋ ಎಂಬುದು ಕಾರಿನ ಒಳಗೆ ಏನಿದೆ ಎಂಬುದನ್ನು ಅವಲಂಬಿಸಿದೆ. ನನ್ನದು ಟರ್ಬೊ ಪೆಟ್ರೋಲ್ ಇಂಜಿನ್ನಿಗೆ ತಾನೇ ಗೇರು ಬದಲಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸು ಜೋಡಿಸಿದ ಕಾರು. ಗೇರ್‌ಬಾಕ್ಸಿನ ಒಂದು ಘಟಕ ಕೆಟ್ಟರೆ ಬಿಲ್ಲು ಲಕ್ಷದ ಕಡೆಗೆ ಹೋಗುವ ಜಾತಿಯದು. ಏಪ್ರಿಲ್ 2020ರಿಂದ ಬಂದ, ಬಿಎಸ್-6 ಎಂಬ ಹೊಗೆ ನಿಯಮಕ್ಕೆ ಒಳಪಟ್ಟ ಡೀಸೆಲ್ ಕಾರುಗಳಲ್ಲಿ ಹೊಗೆ ಶುದ್ಧಿ ಮಾಡುವ ಫಿಲ್ಟರು, ಸೆನ್ಸರುಗಳು ಸೇರಿ ಭಾಗಗಳು ಹೆಚ್ಚಾಗಿವೆ, ಬೆಲೆಯೂ ಹೆಚ್ಚಿದೆ. ಇಂಥವಕ್ಕೆ ನಾನು ನಿಸ್ಸಂಕೋಚವಾಗಿ ಮಾಡಿಸಿ ಎನ್ನುತ್ತೇನೆ. ಟರ್ಬೊ ಇಲ್ಲದ, ಕೈಯಿಂದ ಗೇರು ಹಾಕುವ ಸಣ್ಣ ಪೆಟ್ರೋಲ್ ಕಾರಿಗೆ ಅಷ್ಟು ಗಟ್ಟಿಯಾಗಿ ಹೇಳಲಾರೆ. ವಿದ್ಯುತ್ ಕಾರುಗಳ ಬ್ಯಾಟರಿಗೆ ಸಾಮಾನ್ಯವಾಗಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ಪ್ರತ್ಯೇಕ ವಾರಂಟಿ ಮೊದಲೇ ಇರುವುದರಿಂದ, ವಿಸ್ತರಣೆ ಉಳಿದ ಯಾವ ಭಾಗಗಳಿಗೆ ಅನ್ವಯಿಸುತ್ತದೆ ಎಂದು ಕೇಳಿದರೆ ಸಾಕು.

ಶೋರೂಮಿನಲ್ಲಿ "ಇವತ್ತ ಮಾಡಿಸಿದ್ರ ಈ ರೇಟ್ ರೀ ಸರ್, ಆಮ್ಯಾಲೆ ಸಿಗಂಗಿಲ್ಲ" ಎಂಬ ಮಾತು ತಪ್ಪದೆ ಕೇಳಿಬರುತ್ತದೆ. ಹೆಚ್ಚಿನ ಕಂಪನಿಗಳಲ್ಲಿ ಮೂಲ ವಾರಂಟಿ ಮುಗಿಯುವವರೆಗೂ ವಿಸ್ತರಣೆ ಕೊಳ್ಳಲು ಅವಕಾಶವಿರುತ್ತದೆ. ತಡವಾದಷ್ಟೂ ಬೆಲೆ ಏರುತ್ತದೆ ಎಂಬಷ್ಟು ಮಾತ್ರ ನಿಜ. ಅದನ್ನು ಕಾರಿನ ಸಾಲಕ್ಕೆ ಸೇರಿಸಿಕೊಂಡರೆ ವರ್ಷಗಟ್ಟಲೆ ಬಡ್ಡಿಯೂ ಬೀಳುವುದರಿಂದ ಕೈಯಿಂದ ಕೊಡುವುದು ಮೇಲು. ಪ್ರಮಾಣಪತ್ರದ ಮೇಲೆ ಯಾರ ಹೆಸರಿದೆ ಎಂಬುದನ್ನೂ ನೋಡಬೇಕು. ಕಾರು ತಯಾರಿಸಿದ ಕಂಪನಿಯದಿದ್ದರೆ ಹುಬ್ಬಳ್ಳಿಯಲ್ಲಿ ಕೊಂಡದ್ದನ್ನು ಹಾವೇರಿಯಲ್ಲೋ ಬೆಂಗಳೂರಿನಲ್ಲೋ ಬಳಸಬಹುದು; ಡೀಲರಿನದೇ ಆದರೆ ಆ ಡೀಲರು ಇರುವವರೆಗೆ ಮಾತ್ರ ಅದಕ್ಕೆ ಬೆಲೆ.

ನಾಲ್ಕು ವರ್ಷದ ಬಳಕೆಯಲ್ಲಿ ಹೆಚ್ಚು ಉಪಯೋಗಕ್ಕೆ ಬಂದ ಅಭ್ಯಾಸವೆಂದರೆ ಪ್ರತಿ ದೂರನ್ನೂ ಜಾಬ್ ಕಾರ್ಡಿನಲ್ಲಿ, ಅಂದರೆ ಸರ್ವಿಸಿಗೆ ಬಿಡುವಾಗ ಕೆಲಸಗಳನ್ನು ಬರೆದುಕೊಳ್ಳುವ ಹಾಳೆಯಲ್ಲಿ, ಬರೆಸುವುದು. "ಆ ಸಪ್ಪಳ ಈ ಮಾಡೆಲ್ಲಿಗೆ ಇರೋದ ರೀ, ಏನೂ ಆಗಂಗಿಲ್ಲ" ಎಂದು ಸರ್ವಿಸ್ ಅಡ್ವೈಸರ್ ಬಾಯಿಮಾತಿನಲ್ಲಿ ಸಾಗಹಾಕಿದರೆ ಅದಕ್ಕೆ ದಾಖಲೆಯಿರುವುದಿಲ್ಲ. ಕಂಪ್ರೆಸರಿನ ಸದ್ದನ್ನು ಹಿಂದಿನ ಸರ್ವಿಸಿನಲ್ಲೇ ಬರೆಸಿದ್ದರಿಂದ ನನ್ನ ಕ್ಲೇಮಿಗೆ ತಕರಾರು ಬರಲಿಲ್ಲ ಎಂದೇ ಭಾವಿಸಿದ್ದೇನೆ. ಅನ್ಯಾಯವಾಗಿ ನಿರಾಕರಿಸಿದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೂರುದಾರರು ತಾವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಹುಬ್ಬಳ್ಳಿಯಲ್ಲಿ ಕಾರು ಕೊಂಡ ಗದಗಿನವರು ಧಾರವಾಡಕ್ಕೆ ಅಲೆಯಬೇಕಾಗಿಲ್ಲ, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮಾವನವರ ಕಾರಿನ ಮೂಲ ವಾರಂಟಿ ಈ ವರ್ಷ ಮುಗಿಯಲಿದೆ. ಅವರದು ಮ್ಯಾನ್ಯುವಲ್ ಗೇರಿನ ಸಣ್ಣ ಪೆಟ್ರೋಲ್ ಕಾರು. ಮಾರುಕಟ್ಟೆ, ಮದುವೆ, ಮುಂಜಿವೆ ಬಿಟ್ಟರೆ ಅದಕ್ಕೆ ಹೆಚ್ಚು ಕೆಲಸವಿಲ್ಲ. ಅವಧಿ ಮುಗಿಯುವ ಹಿಂದಿನ ತಿಂಗಳು ಅಧಿಕೃತ ಸೆಂಟರಿಗೆ ಒಯ್ದು ಎಸಿ, ಸ್ಟೇರಿಂಗ್, ಇಂಜಿನ್ನಿನ ಕೆಳಗಿನ ಆಯಿಲ್ ಸೋರಿಕೆ ಎಲ್ಲವನ್ನೂ ಪರೀಕ್ಷೆ ಮಾಡಿಸಿ, ಸಿಕ್ಕ ದೋಷಗಳನ್ನು ಮೂಲ ವಾರಂಟಿಯಲ್ಲೇ ಸರಿಪಡಿಸಿಕೊಳ್ಳಿರಿ, ಏನೂ ಸಿಗದಿದ್ದರೆ ವಿಸ್ತರಣೆ ಬೇಡ ಎಂದು ಅವರಿಗೆ ಹೇಳಿದ್ದೇನೆ. ಕಾರನ್ನು ಒಂದೆರಡು ವರ್ಷದಲ್ಲಿ ಮಾರುವ ಇರಾದೆಯಿದ್ದರೆ ಮಾತ್ರ ಬೇರೆ ಲೆಕ್ಕ: ಕಂಪನಿಯ ವಾರಂಟಿಯನ್ನು ಹೊಸ ಮಾಲೀಕರ ಹೆಸರಿಗೆ ವರ್ಗ ಮಾಡಿಸಲು ಸಾಮಾನ್ಯವಾಗಿ ಅವಕಾಶವಿರುವುದರಿಂದ, ಉಳಿದ ಅವಧಿಯನ್ನು ತೋರಿಸಿ ಬೆಲೆ ಕೇಳಬಹುದು.