ಜಾನ್ ದಿ ರಿಪ್ಪರ್: ನನ್ನ ಮಾರ್ಕು ಲಾಗ್ ಫೈಲಿಗೆ

ರಾಯಚೂರಿನ ಒಂದು ರೈಸ್ ಮಿಲ್ಲಿನ ಲಿನಕ್ಸ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಮಾಲೀಕರ ಸಹಿ ಇರುವ ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆಯೇ ಜಾನ್ ದಿ ರಿಪ್ಪರ್ ಜಂಬೋ ಓಡಿಸಿದೆ. ಜಾನ್ ಅಂದರೆ ದುರ್ಬಲ ಪಾಸ್‌ವರ್ಡ್‌ಗಳನ್ನು ಊಹಿಸಿ ಒಡೆದು ತೋರಿಸುವ ತಂತ್ರಾಂಶ, ಜಂಬೋ ಅದರ ಹೆಚ್ಚಿನ ಸೌಲಭ್ಯಗಳ ಆವೃತ್ತಿ. ಜಾನ್ ಓಪನ್‌ವಾಲ್‌ನವರದು, 1996ರಿಂದ ಇದೆ, ದುಡ್ಡಿಲ್ಲ.

ಪಾಸ್‌ವರ್ಡ್ ಒಡೆಯುವ ವೇಗದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಆಡಿಟ್ ಮಾಡುವವನಿಗೆ ಬೇಕಾಗುವುದು ದಾಖಲೆ ಅಲ್ವಾ? ಜಾನ್ ಅದನ್ನು ಎರಡು ಕಡೆ ಬರೆಯುತ್ತದೆ. ಪಾಟ್ ಫೈಲಿನಲ್ಲಿ ಹ್ಯಾಶ್ (ಪಾಸ್‌ವರ್ಡನ್ನು ಗುರುತು ಸಿಗದಂತೆ ಬದಲಿಸಿ ಸರ್ವರ್ ಇಟ್ಟುಕೊಳ್ಳುವ ರೂಪ), ಪಕ್ಕದಲ್ಲೇ ಸಿಕ್ಕ ಪಾಸ್‌ವರ್ಡ್. ಲಾಗ್ ಫೈಲಿನಲ್ಲಿ ನಡೆದದ್ದೆಲ್ಲ: ಎಷ್ಟು ಹ್ಯಾಶ್ ಲೋಡ್ ಆಯಿತು, ಈಗ ಪದಗಳನ್ನು ತಿರುಚುವ ಯಾವ ರೂಲ್ ನಡೆಯುತ್ತಿದೆ, ಯಾವ ಯೂಸರ್ ಸಿಕ್ಕಿಬಿದ್ದ. ಯೂಸರ್ ಹೆಸರು ಬರುತ್ತದೆ, ಪಾಸ್‌ವರ್ಡ್ ಬರುವುದಿಲ್ಲ. ನನಗೆ ಇದೇ ಜಾಸ್ತಿ ಇಷ್ಟ. ಲಾಗ್ ಪ್ರಿಂಟ್ ತೆಗೆದು ಮಾಲೀಕರ ಮೇಜಿನ ಮೇಲಿಟ್ಟರೂ ಅಕೌಂಟೆಂಟ್ ಮರ್ಯಾದೆ ಉಳಿಯುತ್ತದೆ. ಪಾಸ್‌ವರ್ಡೂ ಬೇಕೆಂದರೆ ಕಾನ್ಫಿಗ್‌ನಲ್ಲಿ 'ಲಾಗ್ ಕ್ರ್ಯಾಕ್ಡ್ ಪಾಸ್‌ವರ್ಡ್ಸ್' ಆನ್ ಮಾಡಬಹುದು. ನಾನು ಮುಟ್ಟಿಲ್ಲ.

ಕೊರತೆ ಒಂದಿದೆ. ಲಾಗ್ ಸಾಲುಗಳ ಮುಂದೆ ಗಡಿಯಾರದ ಹೊತ್ತು ಇರುವುದಿಲ್ಲ, ಕೆಲಸ ಶುರುವಾಗಿ ಎಷ್ಟು ದಿನ, ಗಂಟೆ, ನಿಮಿಷ, ಸೆಕೆಂಡ್ ಆಯಿತು ಅಂತ ಮಾತ್ರ. 'ಲಾಗ್ ಡೇಟ್ ಫಾರ್ಮ್ಯಾಟ್' ಆನ್ ಮಾಡಿಕೊಳ್ಳಿ. ಪ್ರತಿ ಆಡಿಟ್‌ಗೂ ಬೇರೆ ಸೆಷನ್ ಹೆಸರು ಕೊಡಿ, ಇಲ್ಲದಿದ್ದರೆ ಎಲ್ಲವೂ ಒಂದೇ ಲಾಗ್‌ನಲ್ಲಿ ಸೇರಿಕೊಂಡು ಗೋಜಲಾಗುತ್ತದೆ.

ಮೊದಲು ಓಡುವ ಸಿಂಗಲ್ ಮೋಡ್ ಯೂಸರ್ ಹೆಸರನ್ನೇ ತಿರುಚಿ ನೋಡುತ್ತದೆ. ಹೆಸರಿಗೆ 123 ಅಂಟಿಸಿದವರು ಅಲ್ಲೇ ಸಿಕ್ಕಿದರು. ಸೋನಾಮಸೂರಿ, ಮಂತ್ರಾಲಯ, ಊರಿನ ಪಿನ್‌ಕೋಡ್ 584101, ಇಂಥವನ್ನೆಲ್ಲ ನಾನೇ ಪಟ್ಟಿ ಮಾಡಿ ಸೇರಿಸಿದೆ. ರೂಲ್ಸ್ ಆಪ್ಷನ್ ಕೊಡದಿದ್ದರೆ ಪಟ್ಟಿಯನ್ನು ಇದ್ದಹಾಗೇ ಓದಿ ಸುಮ್ನಾಗುತ್ತದೆ.

ಇನ್ನು ಕರೆಂಟ್. ವಿದ್ಯುತ್ ಸ್ಥಾವರದ ಶಕ್ತಿನಗರ ಪಕ್ಕದಲ್ಲೇ ಇದ್ದರೂ ನಮ್ಮಲ್ಲಿ ಹೋಗುವುದು ಹೋಗುತ್ತದೆ! ಜಾನ್ ತಾನು ಎಲ್ಲಿದ್ದೆ ಅಂತ 60 ಸೆಕೆಂಡಿಗೊಮ್ಮೆ ಬರೆದಿಡುತ್ತದೆ. ರಿಸ್ಟೋರ್ ಅಂದರೆ ಅಲ್ಲಿಂದಲೇ ಮುಂದುವರಿಯುತ್ತದೆ.

ಎರಡನೇ ಸಲ ಓಡಿಸಿದಾಗ 'ಒಡೆಯಲು ಹ್ಯಾಶ್ ಉಳಿದಿಲ್ಲ' ಅಂದರೆ ಗಾಬರಿ ಬೇಡ. ಸಿಕ್ಕಿದ್ದೆಲ್ಲ ಪಾಟ್‌ನಲ್ಲಿದೆ, ಶೋ ಆಪ್ಷನ್ ಕೊಟ್ಟು ನೋಡಿ. ಆ ಪಾಟ್ ಫೈಲನ್ನು ಮಾತ್ರ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ತಿರುಗಬೇಡಿ. ಬಟನ್ ಒತ್ತಿದರೆ ಬಣ್ಣದ ಪಿಡಿಎಫ್ ಬರಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ವರದಿಯ ಟೇಬಲ್ ನಾನು ಎಕ್ಸೆಲ್‌ನಲ್ಲಿ ಕೈಯಾರೆ ಮಾಡಿದೆ.