ಬಿಳಿ ಹರಳಿಗೆ ಯಾವ ಪರೀಕ್ಷೆ?

ಆಳಂದದ ಹೊಲದ ಬಾವಿಯಲ್ಲಿ, ಕಪ್ಪುಕಲ್ಲಿನ ಪೊಟರೆಯೊಳಗೆ ಸಿಕ್ಕ ಬಿಳಿ ಹರಳು ಹೊಸ ಖನಿಜವೇ ಎಂದು ತಿಳಿಯಲು ಯಾವ ಪರೀಕ್ಷೆ ಮಾಡಿಸಲಿ ಎಂದು ಕೇಳಿದ್ದೀರಿ.

ಖರ್ಚಿನ ಲೆಕ್ಕದಲ್ಲಿ ಮನೆಯ ಪರೀಕ್ಷೆಗೆ ಎದುರಿಲ್ಲ. ಹರಳು ಗಾಜನ್ನು ಸಲೀಸಾಗಿ ಗೀರಿದರೆ ಬಹುಶಃ ಕ್ವಾರ್ಟ್ಸ್, ಹತ್ತರವರೆಗಿನ ಮೋಸ್ ಮಾಪಕದಲ್ಲಿ ಗಡಸುತನ 7. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ತಗುಲಿ ನೊರೆ ಉಕ್ಕಿದರೆ ಬಹುಶಃ ಕ್ಯಾಲ್ಸೈಟ್, ಗಡಸುತನ 3. ಎರಡೂ ಅಲ್ಲವಾದರೆ ಜಿಯೋಲೈಟ್, ಅಂದರೆ ಒಳಗೆ ನೀರು ಹಿಡಿದಿಟ್ಟ ಖನಿಜಗಳ ಗುಂಪಿನದು, ಇದ್ದೀತು. ದಖ್ಖನ್ ಬಸಾಲ್ಟಿನಲ್ಲಿ, ಅಂದರೆ ನಿಮ್ಮ ಕಡೆಯ ಕಪ್ಪುಕಲ್ಲಿನಲ್ಲಿ, ಅದು ಅಪರೂಪವೇನಲ್ಲ. ಆದರೆ ಯಾವ ಜಿಯೋಲೈಟ್ ಎಂದು ಗೀರಿ ತಿಳಿಯಲಾಗದು: ಸ್ಟಿಲ್‌ಬೈಟ್, ಹ್ಯೂಲಂಡೈಟ್ ಎಂಬ ಎರಡು ಜಿಯೋಲೈಟುಗಳ ಗಡಸುತನವೂ 3.5ರಿಂದ 4. ಮನೆವಿದ್ಯೆ ಇಲ್ಲಿಗೆ ಮುಗಿಯಿತು.

ಎಕ್ಸ್‌ರೇ ವಿವರ್ತನೆ ಪರಮಾಣುಗಳ ಜೋಡಣೆಯನ್ನು ಓದುತ್ತದೆ. ಕ್ಯಾಲ್ಸೈಟ್, ಅರಗೊನೈಟ್ ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ ಆದರೂ ಇದು ಬೇರ್ಪಡಿಸುತ್ತದೆ. ಹರಳಿನ ಚೂರೊಂದನ್ನು ಪುಡಿ ಮಾಡಬೇಕಾಗುತ್ತದೆ, ಅಷ್ಟೇ. ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಜಾಗದಲ್ಲಿ ಯಾವ ಧಾತು ಎಷ್ಟಿದೆ ಎಂದು ಅಳೆಯುತ್ತದೆ. ನಯಗೊಳಿಸಿದ ಮೇಲ್ಮೈ ಬೇಕು, ದುಬಾರಿ, ಹೈಡ್ರೋಜನ್ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಜಿಯೋಲೈಟಿನೊಳಗಿನ ನೀರನ್ನು ಬೇರೆ ವಿಧಾನದಿಂದಲೇ ಅಳೆಯಬೇಕು.

ಕುತೂಹಲಕ್ಕಾದರೆ ಗಾಜಿನ ಚೂರು, ಆಮ್ಲ ಸಾಕು. ಹೆಸರು ಖಚಿತವಾಗಬೇಕಿದ್ದರೆ ಎಕ್ಸ್‌ರೇ. ಕಲ್ಲಿನಲ್ಲಿ ಹುದುಗಿದ ಸಣ್ಣ ಕಣವಾದರೆ ಮೈಕ್ರೋಪ್ರೋಬ್. ನಿಜಕ್ಕೂ ಹೊಸದೆನ್ನಿಸಿದರೆ ಆಯ್ಕೆಯ ಮಾತೇ ಇಲ್ಲ: ರಚನೆ, ರಾಸಾಯನಿಕ ಸಂಯೋಜನೆ ಎರಡನ್ನೂ ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘದ ಆಯೋಗದ ಮುಂದಿಡಬೇಕು, ಮಾದರಿಯನ್ನು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಬೇಕು. ವಿವರಿಸಿದವರು ತಮ್ಮ ಹೆಸರನ್ನೇ ಅದಕ್ಕಿಡುವಂತಿಲ್ಲ! ಏನೇ ಮಾಡಿಸಿ, ಅರ್ಧ ಹರಳನ್ನು ಒಡೆಯದೆ ಉಳಿಸಿ, ಸಿಕ್ಕ ಆಳವನ್ನು ಬರೆದಿಡಿ.