ಹಳೆ ಕಾರಿನ ಇಗ್ನಿಷನ್: ಪಾಯಿಂಟ್ ಇರಲೋ, ಎಲೆಕ್ಟ್ರಾನಿಕ್ ಹಾಕಿಸಲೋ?

ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಇಗ್ನಿಷನ್‌ನಲ್ಲಿ, ಅಂದರೆ ಎಂಜಿನ್‌ಗೆ ಕಿಡಿ ಕೊಡುವ ವ್ಯವಸ್ಥೆಯಲ್ಲಿ, ಕರೆಂಟ್ ಕಡಿದು ಕೂಡಿಸುವ ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಕಿಟ್ ಹಾಕಿಸಲೇ ಎಂದು ಕೇಳಿದ್ದೀರಿ. ದುಡ್ಡು ಸುರಿಯುವ ಮೊದಲು ಕಿಡಿಯನ್ನು ಒಂದೊಂದು ಸಿಲಿಂಡರಿಗೂ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ, ಒಳಗೆ ಟಾರ್ಚ್ ಬಿಡಿ. ಬಿರುಕೋ, ಪೆನ್ಸಿಲ್ ಗೀರಿನಂಥ ಕರಿ ಗೆರೆಯೋ ಕಂಡರೆ ಕಿಡಿ ಸೋರುತ್ತಿರುವುದು ಅಲ್ಲೇ. ಕ್ಯಾಪ್ ಬದಲಿಸದೆ ಯಾವ ಕಿಟ್ ಹಾಕಿದರೂ ತೊಂದರೆ ಹೋಗದು.

ಪಾಯಿಂಟ್, ಅದು ಸುಡದಂತೆ ಕಾಯುವ ಕಂಡೆನ್ಸರ್ ಎರಡೂ ಅಗ್ಗ, ಆದರೆ ಅವಕ್ಕೆ ನಿಗಾ ಬೇಕು. ತಿರುಗುತ್ತಾ ಪಾಯಿಂಟನ್ನು ತೆರೆಯುವ ಕ್ಯಾಮ್‌ಗೆ ಉಜ್ಜುವ ತುಂಡು ಸವೆದಂತೆ ಗ್ಯಾಪ್ (ಪಾಯಿಂಟ್ ತೆರೆದಾಗಿನ ಸಂದು) ಕಿರಿದಾಗಿ ಟೈಮಿಂಗ್ ಹಿಂದೆ ಬೀಳುತ್ತದೆ, ಅಂದರೆ ಕಿಡಿ ತಡವಾಗಿ ಹೊತ್ತುತ್ತದೆ. ಎಷ್ಟೋ ಕಾರುಗಳಲ್ಲಿ ಈ ಗ್ಯಾಪ್ ಸುಮಾರು 0.4 ಮಿ.ಮೀ. ಇರುತ್ತದೆ; ನಿಮ್ಮ ಕಾರಿನ ಮ್ಯಾನ್ಯುಯಲ್ ನೋಡಿಯೇ ಹೊಂದಿಸಿ. ಹೊಸ ಪಾಯಿಂಟ್ ಬೇಗನೆ ಸುಟ್ಟು ಗುಳಿ ಬಿದ್ದರೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ.

ಎಲೆಕ್ಟ್ರಾನಿಕ್‌ನಲ್ಲಿ ಸವೆಯುವ ಪಾಯಿಂಟೇ ಇಲ್ಲ, ಹೊಂದಿಸಿದ ಟೈಮಿಂಗ್ ಬಹುಕಾಲ ನಿಲ್ಲುತ್ತದೆ. ಆದರೆ ಬ್ಯಾಟರಿ ವೈರ್ ಅದಲುಬದಲಾದರೆ, ಎಂಜಿನ್ ನಿಲ್ಲಿಸಿ ಕೀ ಆನ್ ಬಿಟ್ಟರೆ ಪಾಯಿಂಟಿನ ಕೆಲಸ ಮಾಡುವ ಎಷ್ಟೋ ಮಾಡ್ಯೂಲ್‌ಗಳು ಸುಟ್ಟುಹೋಗುತ್ತವೆ. ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಕಾಯಿಲ್ ಕೂಡ ಕಿಟ್‌ಗೆ ಹೊಂದಬೇಕು.

ದಾರಿಯಲ್ಲಿ ಕೈಕೊಟ್ಟಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಪಾಯಿಂಟನ್ನು ಉಜ್ಜಿ, ಗ್ಯಾಪ್ ಸರಿಮಾಡಿ ಮನೆ ಸೇರಬಹುದು. ಸುಟ್ಟ ಮಾಡ್ಯೂಲ್‌ಗೆ ಬೇರೆ ಮಾಡ್ಯೂಲೋ, ಹಳೆಯ ಪಾಯಿಂಟ್ ಸೆಟ್ಟೋ ಬೇಕು.

ದಿನವೂ ಓಡಿಸುವವರಿಗೆ ನಾನು ಎಲೆಕ್ಟ್ರಾನಿಕ್ ಎನ್ನುತ್ತೇನೆ. ಮಾಡ್ಯೂಲ್ ಕೈಕೊಟ್ಟರೆ ಮತ್ತೆ ಹಾಕಿಕೊಳ್ಳಲು ಹಳೆಯ ಪಾಯಿಂಟ್ ಸೆಟ್ ಡಿಕ್ಕಿಯಲ್ಲಿರಲಿ. ಅಪರೂಪಕ್ಕೆ ಹೊರತೆಗೆಯುವ, ಮೂಲರೂಪ ಉಳಿಸಬೇಕಾದ ಕಾರಿಗೆ ಪಾಯಿಂಟೇ ಸಾಕು. ಡಿಸ್ಟ್ರಿಬ್ಯೂಟರ್ ಶಾಫ್ಟ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದಾಗ ಆಟ (ಸಡಿಲ) ಕಂಡರೆ, ಯಾವುದನ್ನು ಆರಿಸಿದರೂ ಮೊದಲು ಶಾಫ್ಟನ್ನು ಹಿಡಿದಿಡುವ ಬುಷ್ ರಿಪೇರಿ ಮಾಡಿಸಿ.